ನಿಮಗೆ ಅಂಜಿಕೆ ಬರಲ್ವಾ?

"ಅಕ್ಕಾ, ನಿಮಗ ಅಂಜಿಕಿ ಬರಂಗಿಲ್ಲೇನ್ರಿ?"

ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ಕೂಲಿಕಾರರ ಸಭೆ ಮುಗಿದ ಮೇಲೆ ಯಾರಾದರೊಬ್ಬರು ಮೆಲ್ಲಗೆ ಹತ್ತಿರ ಬಂದು ಇದನ್ನು ಕೇಳೇ ಕೇಳುತ್ತಾರೆ. ಬರುತ್ತದೆ. ಜಾಸ್ತಿನೇ ಬರುತ್ತದೆ.

ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಶರಣರಾದ ಹರಳಯ್ಯ, ಮಧುವರಸರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಕೊಟ್ಟ ಕಥೆ ಕೇಳುತ್ತಾ ಬೆಳೆದವರು ನಾವು. ಹಾಗಾಗಿ ಮಾತಾಡುವುದು ಎಂದರೆ ಜೀವ ಕೊಡುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನು ಯಾರಿಗೂ ಜೀವ ಕೊಡಿ ಅನ್ನುವುದಿಲ್ಲ.

ಒಂದು ಊರಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸವನ್ನು ಜೆಸಿಬಿಯಿಂದ ಮಾಡಿಸಿ, ಎನ್‌ಎಂಆರ್‌ನಲ್ಲಿ ಅಂದರೆ ಕೂಲಿಯ ಹಾಜರಿ ಪಟ್ಟಿಯಲ್ಲಿ ಕೂಲಿಕಾರರ ಹೆಸರು ಬರೆದಿದ್ದರು. ಪುಣೆಗೆ ದುಡಿಯಲು ಹೋದವರ ಹೆಸರೂ ಇತ್ತಂತೆ. ಲೆಕ್ಕ ಕೇಳಿದ ಮರುದಿನ, ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಪರಿಚಯದವರೊಬ್ಬರು ನನ್ನ ಎದುರಿಗೆ ಬಂದು ಕೂತರು. ಎರಡು ಚಹಾ ಹೇಳಿದರು. "ಮಗಳು ಕಾಲೇಜಿಗೆ ಎಂಟರ ಬಸ್ಸಿಗೇ ಹೋಗ್ತಾಳಲ್ರಿ?" ಅಂದರು. ಅಷ್ಟೇ. ದುಡ್ಡು ಕೊಟ್ಟು ಎದ್ದು ಹೋದರು. ನನ್ನ ಕೈ ನಡುಗಿ ಚಹಾ ಬಸಿಗೆಲ್ಲ ಚೆಲ್ಲಿತು.

ಆ ಮಾತನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿಗೇ ಸುಮ್ಮನಾಗಿಬಿಡುತ್ತಿದ್ದೆ. ಸಂಜೆಯೇ ಸಂಘದ ಹೆಣ್ಣುಮಕ್ಕಳ ಮುಂದೆ ಹೇಳಿದೆ. ದಿನ, ಹೊತ್ತು, ಅವರು ಅಂದ ಮಾತು, ಹೋಟೆಲಿನಲ್ಲಿ ಇದ್ದವರು ಯಾರು, ಎಲ್ಲ ಬರೆದೆವು. ಗುಂಪಾಗಿ ಠಾಣೆಗೆ ಹೋಗಿ ಕೊಟ್ಟು ಸ್ವೀಕೃತಿ ಇಸ್ಕೊಂಡೆವು. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಮಗಳ ಜತೆ ಇಬ್ಬರು ಹೆಂಗಸರು ಕೂತಿದ್ದರು. ನಾನು ಹೇಳಿರಲಿಲ್ಲ, ಅವರೇ ಬಂದಿದ್ದರು. ನನ್ನ ಧೈರ್ಯ ಅಂತ ನೀವು ಹೇಳುವುದರಲ್ಲಿ ಅವರ ಪಾಲೇ ದೊಡ್ಡದು.

ಅವತ್ತಿನಿಂದ ಮಾಹಿತಿ ಹಕ್ಕಿನ ಅರ್ಜಿಯನ್ನು ನಾವು ಒಬ್ಬರ ಹೆಸರಲ್ಲಿ ಹಾಕುವುದಿಲ್ಲ. 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಒಂದೇ ಪ್ರಶ್ನೆಯನ್ನು ಹತ್ತು ಮಂದಿ ತಮ್ಮ ತಮ್ಮ ಹೆಸರಲ್ಲಿ ಕೇಳಿದರೆ, ಯಾರ ಮನೆ ಅಂತ ಹುಡುಕಿಕೊಂಡು ಹೋಗುತ್ತಾರೆ?

ಹೊಡೆತಕ್ಕಿಂತ ಜನ ಜಾಸ್ತಿ ಅಂಜುವುದು ಕೂಲಿ ತಪ್ಪುತ್ತದೆ ಅಂತ. ತೊಗರಿ ರಾಶಿಯ ಹೊತ್ತಿಗೆ ಹೊಲಕ್ಕೆ ಕರೆಯದಿದ್ದರೆ, ಗಿರಣಿಯಲ್ಲಿ ಜೋಳ ಬೀಸಿಕೊಡದಿದ್ದರೆ ಮನೆ ನಡೆಯುವುದು ಹೇಗೆ? ದಲಿತರಿಗೆ ಹೀಗೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಹೆದರಿಸುವುದು ಎರಡೂ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 2015ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದ್ದಾರೆ. ಸಾಕ್ಷಿ ಹೇಳುವವರಿಗೂ ಅದರಲ್ಲಿ ರಕ್ಷಣೆ ಇದೆ. ಆದರೆ ಕೇಸು ನಡೆಯುವಷ್ಟು ದಿನ ಹೊಟ್ಟೆ ಕಾಯುವುದಿಲ್ಲ. ಅದಕ್ಕೇ ತಿಂಗಳ ಸಂಬಳ ಬರುವವರು ಮೊದಲು ಸಹಿ ಹಾಕಲಿ ಅಂತ ನಾನು ಹಟ ಹಿಡಿಯುತ್ತೇನೆ. ಅವರು ಹಿಂದೆ ನಿಂತು, ದಿನಗೂಲಿಯವರನ್ನು ಮುಂದೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಆ ಊರಿನ ಎನ್‌ಎಂಆರ್ ನಕಲು ಕೈಗೆ ಬಂತು. ಗ್ರಾಮಸಭೆಯಲ್ಲಿ ಒಂದೊಂದೇ ಹೆಸರು ಓದಿದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ವಯಸ್ಸಾದ ಅವ್ವ ಒಬ್ಬರು ಸೆರಗು ಸರಿ ಮಾಡಿಕೊಂಡು ಎದ್ದರು. "ನನ್ನ ಹೆಸರು ಓದಿದ್ರಿ. ನಾ ಆ ಕೆಲಸದಾಗ ಬುಟ್ಟಿ ಮುಟ್ಟಿಲ್ಲ, ರೊಕ್ಕಾನೂ ನೋಡಿಲ್ಲ" ಅಂದರು. ಅವರ ಬೆನ್ನಿಗೆ ಇನ್ನೂ ನಾಲ್ಕು ಜನ ಎದ್ದರು. ಎಲ್ಲರ ಮಾತೂ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ನಾವು ಅಲ್ಲಿಂದ ಕದಲಲಿಲ್ಲ. ಆ ಹಣ ಪೂರ್ತಿ ವಸೂಲಾಗಿಲ್ಲ. ಇನ್ನೂ ಕೇಳುತ್ತಿದ್ದೇವೆ.