ಆರ್ಯನಿಗೆ ಬೇರೆ ಎರಡು ಕೈ ಇದ್ವಾ?

ಮಂಗಳವಾರ ಸಂಜೆ ತುಮಕೂರು ಟ್ರೈನಿನ ಮಹಿಳಾ ಬೋಗಿಯಲ್ಲಿ ಒಂದು ಜಗಳ ಆಯಿತು. ಸೀಟಿಗಲ್ಲ, ಆರ್ಯವರ್ಧನ್‌ಗೆ. ಅವನು ನಾಯಕನಾಗಿದ್ದ ‘ಜೊತೆ ಜೊತೆಯಲಿ’ ಧಾರಾವಾಹಿ ಮುಗಿದಿದ್ದು 2023ರ ಮೇ ತಿಂಗಳಲ್ಲಿ. ನಮ್ಮ ಬೋಗಿಯಲ್ಲಿ ಅದು ಇನ್ನೂ ಮುಗಿದಿಲ್ಲ.

ಪೀಣ್ಯದ ಕಡೆ ಕೆಲಸ ಮಾಡುವ ಒಬ್ಬಳು ಹುಡುಗಿ ಇದ್ದಾಳೆ. ಧಾರಾವಾಹಿ ಟಿವಿಯಲ್ಲಿ ಬರುವಾಗ ನೋಡಿರಲಿಲ್ಲವಂತೆ. ಈಗ ಹೋಗ್ತಾ ಬರ್ತಾ ಮೊಬೈಲಿನಲ್ಲಿ ಮೊದಲಿನಿಂದ ನೋಡುತ್ತಿದ್ದಾಳೆ. ಆರ್ಯನ ನಿಜವಾದ ಹೆಸರು ಸುಭಾಷ್ ಪಾಟೀಲ್ ಅನ್ನೋದು ಅವಳಿಗೆ ಗೊತ್ತಾಗಿದ್ದು ಅವತ್ತೇ. ಇಯರ್‌ಫೋನ್ ಕಿತ್ತು ಸುಮ್ನೆ ಕೂತಿದ್ದಳು. ಎದುರಿಗೆ ನಮ್ಮ ಟೀಚರಮ್ಮ, ಮಡಿಲಲ್ಲಿ ಪೇಪರ್ ಹರಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸೀಸನ್‌ನಲ್ಲಿ ಅವರು ಯಶವಂತಪುರದಲ್ಲಿ ಕಾಯಿ ತಗೊಂಡು ಹತ್ತಿದರೆ ಕ್ಯಾತಸಂದ್ರ ಬರುವಷ್ಟರಲ್ಲಿ ಸಾರಿಗೆ ಆಗುವಷ್ಟು ಕಾಳು ರೆಡಿ. ಅಕ್ಕಪಕ್ಕ ಕೂತವರೂ ಕೈ ಹಾಕುತ್ತಾರೆ. ಹುಡುಗಿಯೂ ಒಂದು ಹಿಡಿ ತಗೊಂಡಳು.

“ಎಲ್ಲಾ ಸುಳ್ಳಾ ಹಂಗಾದ್ರೆ?” ಅಂತ ಕೇಳಿದಳು.

ಟೀಚರಮ್ಮ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು. “ಹಂಗಲ್ಲ ಕಣಮ್ಮ. ತಪ್ಪು ಮಾಡಿದ್ದು ಸುಭಾಷ್. ಅನುನ ಪ್ರೀತಿ ಮಾಡಿದ್ದು ಆರ್ಯ. ಇಬ್ಬರನ್ನೂ ಒಂದೇ ತಕ್ಕಡೀಲಿ ಹಾಕ್ಬೇಡ.”

ಹುಡುಗಿಯ ಕೈ ನಿಂತಿತು. ಹೆಬ್ಬೆರಳು ಸಿಪ್ಪೆಯ ಒಳಗಿತ್ತು, ಕಾಯಿ ಅರ್ಧ ಬಿಚ್ಚಿತ್ತು. “ಆರ್ಯನಿಗೆ ಬೇರೆ ಎರಡು ಕೈ ಇದ್ವಾ ಆಂಟಿ?”

ಅಷ್ಟೇ. ಬೋಗಿ ಎರಡು ಪಕ್ಷ ಆಗಿಹೋಯಿತು. ‘ಝೇಂಡೆ ಇಲ್ಲದಿದ್ರೆ ಅವನು ಹಾಳಾಗ್ತಾನೇ ಇರಲಿಲ್ಲ’ ಅಂತ ಒಬ್ಬರು, ‘ಸ್ನೇಹಿತನ ಮೇಲೆ ಹಾಕೋದು ಗಂಡಸರ ಹಳೇ ಚಾಳಿ’ ಅಂತ ಇನ್ನೊಬ್ಬರು. ದಾಬಸ್‌ಪೇಟೆ ದಾಟಿದರೂ ನಿಲ್ಲಲಿಲ್ಲ. ನಾನು ಮಾತಾಡಲಿಲ್ಲ. ಆ ಹುಡುಗಿ ಕೇಳಿದ ರೀತಿ ನನ್ನನ್ನು ಅಲ್ಲಾಡಿಸಿಬಿಟ್ಟಿತ್ತು. ಅವಳ ದನಿಯಲ್ಲಿ ವಾದ ಇರಲಿಲ್ಲ. ನಿಜವಾಗಿಯೂ ತಿಳ್ಕೋಬೇಕು ಅಂತ ಕೇಳಿದ ಹಾಗಿತ್ತು.

ಟೀಚರಮ್ಮ ಒಳ್ಳೆಯವರು. ಯಾರ ಮೇಲೂ ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ಆದರೆ ಗಂಡಸರ ವಿಷಯದಲ್ಲಿ ಅವರು ಬೇಗ ಕ್ಷಮಿಸಿಬಿಡುತ್ತಾರೆ ಅಂತ ನನಗೆ ಮೊದಲಿಂದಲೂ ಅನ್ನಿಸುತ್ತೆ. ಧಾರಾವಾಹಿಯ ಗಂಡಸರನ್ನೂ, ಸ್ಟಾಫ್ ರೂಮಿನ ಗಂಡಸರನ್ನೂ.

ಆದರೂ ಅವರೊಬ್ಬರನ್ನೇ ದೂರಲಾರೆ. ಆರ್ಯನನ್ನು ನಮ್ಮ ತಲೆಗೆ ಹತ್ತಿಸಿದ್ದು ಧಾರಾವಾಹಿಯೇ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ನಮಗೆ ಕೊಟ್ಟಿದ್ದು ಏನು? 40 ದಾಟಿದ, ದೊಡ್ಡ ಕಂಪನಿಯ ಒಡೆಯ. ಸಾಧಾರಣ ಮನೆಯ ಹುಡುಗಿ ಅನು ಸಿರಿಮನೆ ಮುಂದೆ ಬಗ್ಗಿ ಮಾತಾಡುವವನು. ಅನಿರುದ್ಧ್ ಆ ಪಾತ್ರವನ್ನು ಎಷ್ಟು ಮೆಲ್ಲಗೆ ಮಾಡಿದ್ದರು ಅಂದರೆ, ವಿಷ್ಣುವರ್ಧನ್ ಅವರ ಅಳಿಯ ಅನ್ನೋ ಪ್ರೀತಿಯೂ ಸೇರಿಕೊಂಡು ನಮ್ಮೂರಿನ ಹೆಂಗಸರೆಲ್ಲ ಅವರನ್ನು ಮನೆಯವರ ಹಾಗೆ ನೋಡಿದರು. ಮೂಲ ಮರಾಠಿ ಧಾರಾವಾಹಿ ‘ತುಲಾ ಪಾಹತೇ ರೇ’ ಒಂದು ವರ್ಷದೊಳಗೇ ಮುಗಿದಿತ್ತು. ಅಲ್ಲಿ ನಾಯಕನೇ ಖಳ ಅಂತ ತಿಳಿಯುವ ಹೊತ್ತಿಗೆ ಜನ ಅವನ ಜೊತೆ ಕೆಲವೇ ತಿಂಗಳು ಕಳೆದಿದ್ದರು. ನಾವು ವರ್ಷಗಟ್ಟಲೆ ಕಳೆದೆವು. ಅಷ್ಟು ದಿನ ದಿನಾ ಸಂಜೆ ಮನೆಗೆ ಬಂದು ಹೋದವನು ಕೊನೆಗೆ ಕೆಟ್ಟವನು ಅಂದರೆ ಮನಸ್ಸು ಹೇಗೆ ಒಪ್ಪುತ್ತೆ? ಒಪ್ಪಲ್ಲ. ಅದಕ್ಕೇ ಮನಸ್ಸು ಅವನನ್ನು ಇಬ್ಬರಾಗಿ ಮಾಡಿಕೊಂಡಿತು.

ಬೋಗಿಯ ಬ್ಯಾಂಕ್ ಅಕ್ಕನಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಅವರ ಓರಗಿತ್ತಿ ಬೆಳಗಾವಿಯವರು, ಮರಾಠಿಯದ್ದು ನೋಡಿದ್ದರು. ‘ಆರ್ಯನ್ನ ನಂಬಬೇಡ್ರೇ’ ಅಂತ ಆವಾಗಲೇ ಹೇಳಿದರೆ ಎಲ್ಲರೂ ಅವರ ಮೇಲೇ ಬಿದ್ದಿದ್ದರು. ಮಿಕ್ಕವರು ತಮ್ಮದೇ ಲೆಕ್ಕ ಹಾಕುತ್ತಿದ್ದರು. ಆರ್ಯನ ಮೊದಲ ಹೆಂಡತಿ ರಾಜನಂದಿನಿ ಸತ್ತೇ ಇಲ್ಲ, ಎಲ್ಲೋ ಇದ್ದಾಳೆ ಅಂತ ಒಂದು. ಅನು ಅವಳ ಮಗಳೇ ಇರಬೇಕು ಅಂತ ಇನ್ನೊಂದು. ಅನು ಅವಳ ಪುನರ್ಜನ್ಮ ಅಂತ ಗೊತ್ತಾದಾಗ ಕೆಲವರು ಬೇಜಾರು ಮಾಡಿಕೊಂಡರು. ನನಗೆ ಖುಷಿಯಾಗಿತ್ತು. ಸತ್ತವಳಿಗೆ ಮಾತಾಡೋಕೆ ಒಂದು ಬಾಯಿ ಸಿಕ್ಕಿತು ಅಂತ.

ಆಮೇಲೆ 2022ರಲ್ಲಿ ಅನಿರುದ್ಧ್ ಅವರನ್ನು ಧಾರಾವಾಹಿಯಿಂದ ಕೈಬಿಟ್ಟರು, ಹರೀಶ್ ರಾಜ್ ಬಂದರು. ಕಥೆಯಲ್ಲಿ ಅಪಘಾತ ಆಗಿ ಆರ್ಯನ ಮುಖವೇ ಬದಲಾಯಿತು. ಆಗ ಇದೇ ಟೀಚರಮ್ಮ ನೋಡುವುದನ್ನೇ ನಿಲ್ಲಿಸಿದರು. ‘ಇವನು ನಮ್ಮ ಆರ್ಯ ಅಲ್ಲ’ ಅಂದರು. ಹರೀಶ್ ರಾಜ್ ಒಳ್ಳೆಯ ನಟ, ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಆದರೂ ಈ ವಾರವೆಲ್ಲ ನಾನು ಅದನ್ನೇ ಯೋಚಿಸುತ್ತಿದ್ದೇನೆ. ಹೆಸರು, ಊರು, ಹಿಂದಿನ ಬದುಕು ಎಲ್ಲ ಮುಚ್ಚಿಟ್ಟವನನ್ನು ನಾವು ಒಪ್ಪಿದೆವು. ಮುಖ ಒಂದು ಬದಲಾಗಿದ್ದಕ್ಕೆ ಒಪ್ಪಲಿಲ್ಲ. ಅಂದರೆ ನಾವು ಪ್ರೀತಿಸಿದ್ದು ಯಾರನ್ನು? ಮಾಡಿದ ಕೆಲಸ ನೋಡಿ ಮನುಷ್ಯನನ್ನು ಅಳೆಯಲಿಲ್ಲ ಅಲ್ವಾ ನಾವು. ಮಾತಾಡುವ ರೀತಿ ನೋಡಿ ಅಳೆದೆವು.

‘ಆರ್ಯನಿಗೆ ಬೇರೆ ಎರಡು ಕೈ ಇದ್ವಾ?’ ಆಫೀಸಿನಲ್ಲಿ ಕೆಲಸ ಮಾಡುವಾಗಲೂ ಇದೇ ಮಾತು ಕಿವಿಯಲ್ಲಿ. ಅವಳ ಮನೆಯ ವಿಷಯ ನನಗೆ ಗೊತ್ತಿಲ್ಲ, ಊಹೆ ಮಾಡುವುದೂ ಸರಿಯಲ್ಲ. ಆದರೆ ಇಂಥ ಮಾತು ನಾನು ಬೇರೆ ಕಡೆ ಬೇಕಾದಷ್ಟು ಕೇಳಿದ್ದೇನೆ. ‘ಕುಡಿದಾಗ ಮಾತ್ರ ಹಂಗೆ, ಇಲ್ಲದಿದ್ರೆ ದೇವರಂಥ ಮನುಷ್ಯ.’ ‘ಮದುವೆಗೆ ಮುಂಚೆ ಹಂಗಿದ್ದ, ಈಗ ಬದಲಾಗಿದ್ದಾನೆ.’ ಒಬ್ಬ ಗಂಡಸನ್ನು ಎರಡು ಮಾಡಿ, ಒಳ್ಳೆಯ ಅರ್ಧವನ್ನು ಮನೆಯಲ್ಲಿ ಇಟ್ಟುಕೊಂಡು, ಕೆಟ್ಟ ಅರ್ಧಕ್ಕೆ ಬೇರೆ ಹೆಸರು ಇಡುವುದನ್ನು ನಮ್ಮ ಹೆಂಗಸರಿಗೆ ಯಾವ ಧಾರಾವಾಹಿಯೂ ಕಲಿಸಬೇಕಾಗಿಲ್ಲ.

ಮನುಷ್ಯ ಬದಲಾಗಲ್ಲ ಅಂತ ನಾನು ಹೇಳುತ್ತಿಲ್ಲ. ಬದಲಾಗುತ್ತಾನೆ. ಆರ್ಯ ಅನುವನ್ನು ನಿಜವಾಗಿ ಪ್ರೀತಿಸಿದ ಅಂತಲೇ ನಾನೂ ನಂಬಿದ್ದೇನೆ. ಆ ಕಣ್ಣುಗಳಲ್ಲಿ ನಟನೆ ಇರಲಿಲ್ಲ. ಆದರೆ ಬದಲಾದವನು ಹಳೇ ಲೆಕ್ಕ ತೀರಿಸಬೇಕು. ‘ಅದು ನಾನಲ್ಲ, ಸುಭಾಷ್’ ಅಂದರೆ ಅದು ಬದಲಾವಣೆ ಅಲ್ಲ, ತಪ್ಪಿಸಿಕೊಳ್ಳೋದು.

ನನ್ನ ನಿಜವಾದ ಸಂಕಟ ಇನ್ನೊಂದು. ಅಷ್ಟು ಹೊತ್ತು ಜಗಳ ಆಯಿತಲ್ಲ, ಸುಭಾಷ್ ಎಂಥವನು, ಆರ್ಯ ಎಂಥವನು, ಝೇಂಡೆ ಎಷ್ಟು ಕೆಟ್ಟವನು ಅಂತೆಲ್ಲ. ರಾಜನಂದಿನಿ ಎಂಥವಳು ಅಂತ ಒಬ್ಬರೂ ಕೇಳಲಿಲ್ಲ. ವರ್ಷಗಟ್ಟಲೆ ಅವಳು ನಮಗೆ ಒಂದು ಗುಟ್ಟು ಮಾತ್ರ ಆಗಿದ್ದಳು. ಹೇಗೆ ಸತ್ತಳು ಅಂತ ತಲೆ ಕೆಡಿಸಿಕೊಂಡೆವು, ಹೇಗೆ ಬದುಕಿದ್ದಳು ಅಂತ ಅಲ್ಲ. ಫ್ಲ್ಯಾಷ್‌ಬ್ಯಾಕಿನಲ್ಲಿ ಸೋನು ಗೌಡ ಬಂದಾಗ ಮೊದಲ ಸಲ ಅವಳಿಗೆ ಒಂದು ಮುಖ, ನಗು, ಆಸೆ ಎಲ್ಲ ಬಂತು. ಆ ಭಾಗವನ್ನು ನಾನು ತುಂಬಾ ಇಷ್ಟಪಟ್ಟು ನೋಡಿದೆ. ಆದರೆ ಬೋಗಿಯಲ್ಲಿ ಆಗಲೂ ಮಾತೆಲ್ಲ ಆರ್ಯ ಚಿಕ್ಕ ವಯಸ್ಸಿನಲ್ಲಿ ಹೇಗಿದ್ದ ಅನ್ನೋದರ ಬಗ್ಗೆಯೇ. ಪುನರ್ಜನ್ಮ ಎತ್ತಿ ಬಂದರೂ ಅನು ಅವನನ್ನು ಕ್ಷಮಿಸ್ತಾಳಾ ಇಲ್ವಾ ಅನ್ನೋದೇ ನಮ್ಮ ಚಿಂತೆ. ಸತ್ತವಳು ತಿರುಗಿ ಬಂದಿದ್ದು ಅವನನ್ನು ಕ್ಷಮಿಸೋಕಾ?

ಗುರುವಾರ ಇದನ್ನು ಬಾಯಿಬಿಟ್ಟು ಹೇಳಿದೆ. ಬ್ಯಾಂಕ್ ಅಕ್ಕ ‘ಕರೆಕ್ಟ್ ಕಣೇ’ ಅಂದರು. ಟೀಚರಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅವರು ಅಷ್ಟು ಸುಲಭಕ್ಕೆ ಸೋಲುವವರೂ ಅಲ್ಲ. ಹುಡುಗಿಯ ಕಡೆ ತಿರುಗಿದರು.

“ನೀನು ಅಂದಿದ್ದನ್ನ ಯೋಚನೆ ಮಾಡ್ದೆ ಕಣಮ್ಮ. ಆದ್ರೂ ನನಗೆ ಆರ್ಯ ಒಳ್ಳೆಯವನೇ.”

“ಇರಲಿ ಆಂಟಿ, ಒಳ್ಳೆಯವನೇ ಇರಲಿ” ಅಂದಳು ಅವಳು. “ಜೈಲಿಗಂತೂ ಹೋಗ್ಬೇಕು.”