ಅಪ್ಪನೊಡನೆ ಡೆಟ್ರಾಯಿಟ್‌ನ ಎರಡು ಕಾರ್ಖಾನೆಗಳಲ್ಲಿ

ಬೆಂಗಳೂರಿನಿಂದ ಬಂದಿದ್ದ ಅಪ್ಪನಿಗೆ ನಯಾಗರಾ ತೋರಿಸಬೇಕೆಂದು ನಾನು ಎರಡು ದಿನ ರಜೆ ಹೊಂದಿಸಿಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಫೋರ್ಡ್‌ನ ಮಾಡೆಲ್ ಟಿ ಕಾರು ಮೊದಲು ಮಾಡಿದ ಜಾಗ ಇದೇ ಊರಲ್ಲಿದೆಯಲ್ಲ, ಅದನ್ನ ತೋರಿಸು ಸಾಕು" ಎಂದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್‌ನಲ್ಲಿ ಲೋಹ ಕಡೆಯುವ ಟರ್ನರ್ ಆಗಿ ದುಡಿದು ನಿವೃತ್ತರಾದವರು ಅವರು. ನಾನು ಇಲ್ಲಿ ಕಾರಿನ ಸೀಟುಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಲೈನಿನ ಯಾವ ಸ್ಟೇಷನ್ನಿನಲ್ಲಿ ಯಾರು ಯಾವ ಕೆಲಸವನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಬೇಕು ಎಂಬುದನ್ನು ಅಳೆದು ಹಂಚುವುದೇ ನನ್ನ ದಿನದ ಕೆಲಸ. "ಆಫೀಸು ಕೆಲಸ" ಎಂದಷ್ಟೇ ಅಪ್ಪನಿಗೆ ಹೇಳಿದ್ದೆನೇ ಹೊರತು ಅದನ್ನು ಬಿಡಿಸಿ ಹೇಳಿರಲಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಪಿಕೆಟ್ ಅವೆನ್ಯೂಗೆ ಹೋದೆವು. ಫೋರ್ಡ್ ಕಂಪನಿ 1904ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಇಟ್ಟಿಗೆಯ ಕಾರ್ಖಾನೆ ಅದು. 402 ಅಡಿ ಉದ್ದವಿದ್ದರೂ ಅಗಲ 56 ಅಡಿ ಮಾತ್ರ. ಹಗಲಿನ ಬೆಳಕು ಎರಡೂ ಬದಿಯ ಕಿಟಕಿಗಳಿಂದ ನಡುಭಾಗದವರೆಗೂ ಬೀಳಲಿ ಎಂದು ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಮಾದರಿಯಲ್ಲಿ ಹೀಗೆ ಕಟ್ಟಿದ್ದಾರೆ. ಒಳಗೆ ಸಾಲಾಗಿ ನಿಲ್ಲಿಸಿದ್ದ ಹಳೆಯ ಕಾರುಗಳನ್ನು ಬಿಟ್ಟು ಅಪ್ಪ ಮೊದಲು ನೋಡಿದ್ದು ನೆಲವನ್ನು. ಮರದ ಹಲಗೆಗಳ ಮೇಲೆ ಅಲ್ಲಲ್ಲಿ ಕಪ್ಪು ಕಲೆಗಳಿದ್ದವು. ಮಂಡಿನೋವಿದ್ದರೂ ಕುಳಿತು ಒಂದು ಕಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಬಳಿ ಹಿಡಿದರು. "ವಾಸನೆ ಹೋಗಿದೆ. ಆದ್ರೆ ಇದು ಎಣ್ಣೆ ಕುಡಿದ ಮರ, ನೀರಿನ ಕಲೆ ಅಲ್ಲ" ಎಂದರು.

ಮೂರನೆಯ ಅಂತಸ್ತಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆಯಿದೆ. ಮಾಡೆಲ್ ಟಿ ಕಾರಿನ ವಿನ್ಯಾಸ ರೂಪುಗೊಂಡದ್ದು ಅಲ್ಲಿಯೇ. ಹಂಗೇರಿಯಿಂದ ಬಂದಿದ್ದ ಜೋಸೆಫ್ ಗಲಾಂಬ್ ಕಪ್ಪುಹಲಗೆಯ ಮೇಲೆ ನಕ್ಷೆ ಬರೆಯುತ್ತಿದ್ದರೆ, ಹೆನ್ರಿ ಫೋರ್ಡ್ ತಮ್ಮ ತಾಯಿಯ ತೂಗುಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರಂತೆ. ಭಾಗಗಳನ್ನು ಹಗುರವಾಗಿ ಮಾಡಿದರೂ ಗಟ್ಟಿಯಾಗಿರುವ ವನೇಡಿಯಂ ಉಕ್ಕನ್ನು ಬಳಸಬೇಕೆಂಬ ತೀರ್ಮಾನ ಆ ಕಾರಿನ ಬೆನ್ನೆಲುಬಾಯಿತು. 1908ರ ಸೆಪ್ಟೆಂಬರಿನಲ್ಲಿ ಮೊದಲ ಮಾಡೆಲ್ ಟಿ ಇಲ್ಲಿಂದ ಹೊರಬಿತ್ತು. ಬೆಲೆ 850 ಡಾಲರ್. ಮೊದಲ ಸುಮಾರು 12,000 ಕಾರುಗಳನ್ನು ಇದೇ ಕಟ್ಟಡದಲ್ಲಿ, ಒಂದೊಂದು ಕಡೆ ಒಂದೊಂದು ಚಾಸಿಸ್, ಅಂದರೆ ಕಾರಿನ ಅಡಿಚೌಕಟ್ಟು, ನಿಲ್ಲಿಸಿ, ಕೆಲಸಗಾರರು ಅದರ ಸುತ್ತ ಓಡಾಡುತ್ತ ಕಟ್ಟಿದರು.

"ಎಲ್ಲ ಪಾರ್ಟೂ ಒಂದೇ ಅಳತೆಗೆ ಕೂರ್ತಿತ್ತಾ, ಅರ ಹಿಡಿದು ತಿಕ್ಕಿ ಕೂರಿಸ್ತಿದ್ರಾ?" ಅಪ್ಪ ಕೇಳಿದ ಈ ಪ್ರಶ್ನೆಯಲ್ಲಿಯೇ ಈ ಉದ್ಯಮದ ಅರ್ಧ ಚರಿತ್ರೆಯಿದೆ. ಮಾಡೆಲ್ ಟಿ ಬಂದ ವರ್ಷವೇ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಡೆಟ್ರಾಯಿಟ್‌ನ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಕಲಸಿ, ಕೆಲವನ್ನು ತೆಗೆದು ಅವುಗಳ ಜಾಗಕ್ಕೆ ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ಹಾಕಿ, ಮತ್ತೆ ಮೂರು ಕಾರುಗಳಾಗಿ ಜೋಡಿಸಿ 500 ಮೈಲಿ ಓಡಿಸಿದರು. ಮೂರೂ ಓಡಿದವು. ಕ್ಯಾಡಿಲಾಕ್‌ನ ಹೆನ್ರಿ ಲೀಲ್ಯಾಂಡ್ ಬಂದೂಕು ಮತ್ತು ಯಂತ್ರೋಪಕರಣಗಳ ಕಾರ್ಖಾನೆಗಳಲ್ಲಿ ಅಳತೆಯ ಶಿಸ್ತನ್ನು ಕಲಿತು ಬಂದವರು. ನಾನು ಇದನ್ನು ಹೇಳುವಾಗ ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಮೂರೂ ಓಡ್ತು ಅಂದ್ರೆ ಅಳತೆ ನೋಡೋ ಗೇಜ್ ಮಾಡಿದವನ ಕೈ ಹೇಗಿರಬೇಕು ನೋಡು!" ಎಂದು ಅದನ್ನೇ ಎರಡು ಸಲ ಹೇಳಿದರು. ಫೋರ್ಡರ ಹೆಸರು ಹೇಳುವವರು ಲೀಲ್ಯಾಂಡರ ಹೆಸರನ್ನು ಬಿಟ್ಟುಬಿಡುವುದು ನನಗೆ ಮೊದಲಿನಿಂದಲೂ ಬೇಸರದ ಸಂಗತಿ. ಅರ ಹಿಡಿದು ತಿಕ್ಕುವ ಅಗತ್ಯವಿರುವವರೆಗೆ ಲೈನು ಚಲಿಸುವಂತಿಲ್ಲ. ಎಲ್ಲ ಭಾಗಗಳೂ ತಾವಾಗಿ ಕೂರುವಂತಾದ ಮೇಲಷ್ಟೇ ಚಲಿಸುವ ಲೈನಿನ ಯೋಚನೆಗೆ ದಾರಿಯಾಯಿತು.

ಆ ಯೋಚನೆಯ ಮೊದಲ ಪ್ರಯೋಗವೂ ಇಲ್ಲಿಯೇ ನಡೆಯಿತೆಂದು ಫೋರ್ಡರ ಸಹೋದ್ಯೋಗಿ ಚಾರ್ಲ್ಸ್ ಸೊರೆನ್ಸನ್ ನೆನಪಿಸಿಕೊಂಡಿದ್ದಾರೆ. 1908ರ ಬೇಸಿಗೆಯ ಭಾನುವಾರಗಳಂದು ಚಾಸಿಸ್ಸಿಗೆ ಹಗ್ಗ ಕಟ್ಟಿ ನೆಲದ ಮೇಲೆ ಎಳೆಯುತ್ತ, ದಾರಿಯುದ್ದಕ್ಕೂ ಭಾಗಗಳನ್ನು ಇಟ್ಟು ಜೋಡಿಸಿ ನೋಡಿದರಂತೆ. ಅಪ್ಪ ಆ ಅಂತಸ್ತಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ನಡೆದು ಬಂದರು.

ಮಧ್ಯಾಹ್ನ ವುಡ್‌ವರ್ಡ್ ಅವೆನ್ಯೂ ಹಿಡಿದು ಉತ್ತರಕ್ಕೆ ಹೊರಟು ಹೈಲ್ಯಾಂಡ್ ಪಾರ್ಕ್ ತಲುಪಿದೆವು. ಪಿಕೆಟ್ ಸಾಲದಾದಾಗ 1910ರಲ್ಲಿ ಫೋರ್ಡ್ ಇಲ್ಲಿಗೆ ಬಂದರು. ಆಲ್ಬರ್ಟ್ ಕಾನ್ ವಿನ್ಯಾಸ ಮಾಡಿದ ಆ ಕಾರ್ಖಾನೆಗೆ ಗಾಜು ಎಷ್ಟಿತ್ತೆಂದರೆ ಜನ ಅದನ್ನು ಸ್ಫಟಿಕದ ಅರಮನೆ ಎನ್ನುತ್ತಿದ್ದರು. ಈಗ ಅದರ ಕೆಲವು ಭಾಗಗಳಷ್ಟೇ ಉಳಿದಿವೆ. ರಸ್ತೆಯ ಬದಿಗೆ ಮಾಡೆಲ್ ಟಿ ಪ್ಲಾಜಾ ಎಂಬ ಅಂಗಡಿ ಸಾಲು ಇದೆ. ಒಳಗೆ ಹೋಗಲು ಆಗಲಿಲ್ಲ. ಬೇಲಿಯ ಪಕ್ಕ ಕಾರು ನಿಲ್ಲಿಸಿ ಒಳಗಿನಿಂದಲೇ ನೋಡುತ್ತ, ಬುತ್ತಿಯಲ್ಲಿದ್ದ ಚಪಾತಿ ತಿಂದೆವು.

1913ರ ಏಪ್ರಿಲ್‌ನಲ್ಲಿ ಇಲ್ಲಿ ಲೈನಿನ ಮೇಲೆ ಮೊದಲು ಚಲಿಸಿದ್ದು ಕಾರಲ್ಲ, ಎಂಜಿನಿನ ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೋ. ಅಲ್ಲಿಯವರೆಗೆ ಒಬ್ಬ ಕೆಲಸಗಾರ ತನ್ನ ಮೇಜಿನಲ್ಲಿ ಕುಳಿತು ಒಂದನ್ನು ಪೂರ್ತಿ ಜೋಡಿಸಲು 20 ನಿಮಿಷ ತೆಗೆದುಕೊಳ್ಳುತ್ತಿದ್ದ. ಅದೇ ಕೆಲಸವನ್ನು 29 ಜನರಿಗೆ ಹಂಚಿ, ಒಬ್ಬ ಒಂದೆರಡು ತಿರುಪು ಹಾಕಿ ಪಕ್ಕದವನಿಗೆ ತಳ್ಳುವಂತೆ ಮಾಡಿದಾಗ ಒಂದು ಮ್ಯಾಗ್ನೆಟೋಗೆ ಎಲ್ಲರ ದುಡಿಮೆ ಸೇರಿ 13 ನಿಮಿಷ 10 ಸೆಕೆಂಡು ಸಾಕಾಯಿತು. ಮುಂದೆ ಲೈನಿನ ಎತ್ತರವನ್ನೂ ವೇಗವನ್ನೂ ಸರಿಪಡಿಸಿದ ಮೇಲೆ ಅದು 5 ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಚಾಸಿಸ್ಸಿಗೂ ಇದೇ ಪದ್ಧತಿ ಬಂದು, ಹನ್ನೆರಡೂವರೆ ಗಂಟೆಯ ಕೆಲಸ 1914ರ ಹೊತ್ತಿಗೆ ಒಂದೂವರೆ ಗಂಟೆಯ ಆಸುಪಾಸಿಗೆ ಬಂತು.

ಈ ಅಂಕಿಗಳನ್ನು ಕಾಲೇಜಿನಲ್ಲಿ ಓದಿದಾಗ ರೋಮಾಂಚನವಾಗಿತ್ತು. ಅವುಗಳ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಅಂಕಿಯನ್ನು ನಾನು ಓದಿದ್ದು ಬಹಳ ತಡವಾಗಿ. 1913ರಲ್ಲಿ ಸುಮಾರು 14,000 ಕೆಲಸಗಾರರ ಬಲವನ್ನು ಕಾಯ್ದುಕೊಳ್ಳಲು ಕಂಪನಿ ಆ ಒಂದೇ ವರ್ಷ 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಬಂದವರು ನಿಲ್ಲುತ್ತಿರಲಿಲ್ಲ. 1914ರ ಜನವರಿ 5ರಂದು ಫೋರ್ಡ್ ಘೋಷಿಸಿದ ದಿನಕ್ಕೆ 5 ಡಾಲರಿನ ಕೂಲಿಯನ್ನು ಧಣಿಯ ಔದಾರ್ಯವೆಂದು ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂಬತ್ತು ಗಂಟೆಗೆ 2.34 ಡಾಲರ್ ಇದ್ದದ್ದು ಎಂಟು ಗಂಟೆಗೆ 5 ಡಾಲರ್ ಆದದ್ದು ದೊಡ್ಡ ಸಂಗತಿಯೇ, ಅದರಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು ಎಂಬುದೂ ನಿಜ. ಆದರೆ ಅದು ಲೈನಿನ ಮುಂದೆ ಮನುಷ್ಯನನ್ನು ನಿಲ್ಲಿಸಲು ತೆತ್ತ ಬೆಲೆ. ಆ 5 ಡಾಲರಿನಲ್ಲಿ ಅರ್ಧಭಾಗ ಲಾಭದ ಪಾಲೆಂಬ ಹೆಸರಿನಲ್ಲಿ ಸಿಗುತ್ತಿತ್ತು. ಅದಕ್ಕೆ ಅರ್ಹನೋ ಅಲ್ಲವೋ ಎಂದು ತಿಳಿಯಲು ಕಂಪನಿಯ ಸಮಾಜ ವಿಭಾಗದವರು ಕೆಲಸಗಾರನ ಮನೆಗೇ ಹೋಗಿ ಕುಡಿತ, ಉಳಿತಾಯ, ಮನೆಯ ಚೊಕ್ಕಟ ಎಲ್ಲವನ್ನೂ ವಿಚಾರಿಸುತ್ತಿದ್ದರು. ಸುದ್ದಿ ಕೇಳಿ ಗೇಟಿನ ಮುಂದೆ ಸಾವಿರಾರು ಜನ ಸೇರಿದಾಗ, ಜನವರಿಯ ಆ ಚಳಿಯಲ್ಲಿ ಅವರ ಮೇಲೆ ನೀರು ಹಾರಿಸಿ ಚದುರಿಸಿದರು.

ವ್ಯಾಪಾರದ ಲೆಕ್ಕವಂತೂ ಫೋರ್ಡರ ಪರವಾಗಿಯೇ ಬಂತು. 1916ರಲ್ಲಿ ಕಾರಿನ ಬೆಲೆ 360 ಡಾಲರಿಗೆ ಇಳಿದಿತ್ತು, ಅಂದರೆ 5 ಡಾಲರಿನವನ 72 ದಿನದ ದುಡಿಮೆ. ಮುಂದೆ ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಕಂತಿನ ಸಾಲ ಮತ್ತು ಬಗೆಬಗೆಯ ಮಾಡೆಲ್‌ಗಳಿಂದ ಗಿರಾಕಿಗಳನ್ನು ಸೆಳೆದದ್ದು, 1927ರಲ್ಲಿ ಒಂದೂವರೆ ಕೋಟಿ ಕಾರುಗಳ ನಂತರ ಮಾಡೆಲ್ ಟಿ ನಿಂತದ್ದು ಇನ್ನೊಂದು ಕಥೆ.

ಅಪ್ಪ ಚಪಾತಿ ಮುಗಿಸಿ ಕೈ ಒರೆಸಿಕೊಂಡು ಹೇಳಿದರು: "ನಮ್ಮಲ್ಲೂ ಟೈಮ್ ಸ್ಟಡಿಗೆ ಒಬ್ಬ ಹುಡುಗ ಬರ್ತಿದ್ದ. ಸ್ಟಾಪ್‌ವಾಚ್ ಹಿಡ್ಕೊಂಡು ಬೆನ್ನ ಹಿಂದೆ ನಿಲ್ತಿದ್ದ. ಅವನು ಬಂದ ದಿನ ನಾನು ನಿಧಾನವಾಗಿ ಮಾಡಿದ್ರೆ ಫೋರ್‌ಮನ್ ಬಯ್ಯೋನು, ಬೇಗ ಮಾಡಿದ್ರೆ ಅದೇ ನಾಳೆಯಿಂದ ಎಲ್ಲರಿಗೂ ಲೆಕ್ಕ. ಪಕ್ಕದ ಮಷೀನಿನವರು ನನ್ನನ್ನೇ ನೋಡ್ತಿದ್ರು." ಒಂದು ಸಲ ಅವನು ನಿಂತಿದ್ದಾಗ ಕೈ ನಡುಗಿ ಕಡೆಯುತ್ತಿದ್ದ ಬಿಡಿಭಾಗ ಹಾಳಾಯಿತೆಂದೂ, ಆ ತಿಂಗಳ ಸಂಬಳದಲ್ಲಿ ಅದರ ದುಡ್ಡು ಹಿಡಿದರೆಂದೂ ಹೇಳಿದರು. ಇದನ್ನು ಅವರು ಮನೆಯಲ್ಲಿ ಎಂದೂ ಹೇಳಿದ್ದಿಲ್ಲ.

ನಾನು ಆಗ ನನ್ನ ಕೆಲಸವೇನೆಂದು ಹೇಳಿದೆ. ಈಗ ಸ್ಟಾಪ್‌ವಾಚ್ ಇಲ್ಲ, ವಿಡಿಯೋ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಕೈಯ ಪ್ರತಿ ಚಲನೆಯನ್ನೂ ಬಿಡಿಸಿ ಅಳೆಯುತ್ತೇವೆ ಎಂದೂ ಹೇಳಿದೆ. ಅಪ್ಪ ಬೇಲಿಯಾಚೆಗಿನ ಒಡೆದ ಕಿಟಕಿಗಳನ್ನು ನೋಡುತ್ತ ಕೇಳಿಸಿಕೊಂಡರು.

"ನಿನ್ನ ಲೈನಲ್ಲಿ ಒಬ್ಬರಿಗೆ ಎಷ್ಟು ಹೊತ್ತು ಸಿಗತ್ತೆ?"

"58 ಸೆಕೆಂಡು, ಅಪ್ಪ."

ಅವರು ಅಂಗಿಯ ತೋಳು ಸರಿಸಿ ಕೈಗಡಿಯಾರವನ್ನು ನೋಡತೊಡಗಿದರು. ಸೆಕೆಂಡಿನ ಮುಳ್ಳು ಹನ್ನೆರಡರಿಂದ ಹೊರಟು ಮತ್ತೆ ಹನ್ನೆರಡರ ಹತ್ತಿರ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

"ಇಷ್ಟೇನಾ?" ಎಂದರು.