ಕೆಸುವಿನ ಎಲೆ ಮೇಲಿನ ಹನಿ

ಮುಂಬೈಯ ಮಾಟುಂಗಾ ಮಾರ್ಕೆಟ್ಟಲ್ಲಿ ಇವತ್ತು ಕೆಸುವಿನ ಎಲೆ. ಮಳೆಹನಿ ಪಾದರಸದ ಹಾಗೆ ಉರುಳ್ತಾ ಇತ್ತು, ಎಲೆ ಮಾತ್ರ ಒಣ ಒಣ.

ಹೊರಪದರ ಅಂದ್ರೆ ಒಂದೇ ಸಾಲು ಜೀವಕೋಶ.
ಪ್ರತಿ ಕೋಶದ ನೆತ್ತಿ ಮೇಲೆ ಪುಟ್ಟ ಉಬ್ಬು, ಅದರ ಮೇಲೆಲ್ಲ ಮೇಣದ ಹರಳು. ಹನಿಗೆ ತಗಲೋದು ಬರೀ ತುದಿಗಳು, ಸಂದಿಯಲ್ಲಿ ಗಾಳಿ. ಅಂಟೋದು ಹೇಗೆ?
ಹೆಬ್ಬೆರಳಲ್ಲಿ ಗಟ್ಟಿಯಾಗಿ ನಾಲ್ಕು ಸಲ ಉಜ್ಜಿ ನೋಡಿ. ಮೇಣ ಹೋಗುತ್ತೆ, ನೀರು ಅಲ್ಲೇ ಹರಡುತ್ತೆ.

ಪತ್ರೊಡೆಗೆ ಹಿಟ್ಟು ಹಚ್ಚೋದು ಹಿಂಬದಿಗೆ. ನರ ಉಬ್ಬಿರೋದು ಅಲ್ಲೇ, ಹಿಟ್ಟು ಹಿಡಿಯುತ್ತೆ. ದಪ್ಪ ನರ ಚಾಕುವಿಂದ ಸವರಿಬಿಡಿ, ಇಲ್ಲಾಂದ್ರೆ ಸುತ್ತುವಾಗ ಎಲೆ ಸೀಳುತ್ತೆ.
ಪತ್ರರಂಧ್ರಗಳೂ, ಅಂದ್ರೆ ಎಲೆ ಉಸಿರಾಡೋ ಪುಟ್ಟ ತೂತುಗಳೂ, ಹಿಂದೆಯೇ ಜಾಸ್ತಿ. ಒಂದೊಂದಕ್ಕೆ ಎರಡು ಕಾವಲು ಕೋಶ: ನೀರು ಕುಡಿದು ಉಬ್ಬಿದ್ರೆ ಬಾಗಿಲು ತೆರೆಯುತ್ತೆ, ಸೊರಗಿದ್ರೆ ಮುಚ್ಚುತ್ತೆ.

ಗಂಟಲು ಕೆರೆತ ಮಾತ್ರ ಹೊರಪದರದ ತಪ್ಪಲ್ಲ, ತೊಳೆದ್ರೂ ಹೋಗಲ್ಲ. ಒಳಗಿನ ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿವೆ, ಪಾಪ ಎಲೆಗೂ ಆತ್ಮರಕ್ಷಣೆ ಬೇಕಲ್ಲ! ಹುಣಸೆಹುಳಿ ಧಾರಾಳವಾಗಿ ಹಾಕಿ, ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ.